ಎರಡು ಕದದ ಹೆಬ್ಬಾಗಿಲು

ಏಳು ಹಳ್ಳದಾಚೆ, ಎಂಟನೇ ಹಳ್ಳದೀಚೆ ಒಂದು ಊರಿತ್ತಂತೆ. ಆ ಊರಿನ ರಾಜ ಮಕ್ಕಳಿಲ್ಲದೆ ತೀರಿಕೊಂಡ. ಇನ್ನು ರಾಜನೇ ಬೇಡ, ನಮ್ಮ ಊರನ್ನು ನಾವೇ ಆಳಿಕೊಳ್ಳೋಣ ಅಂತ ಜನ ತೀರ್ಮಾನ ಮಾಡಿದರಂತೆ. ಒಳ್ಳೆಯ ಮಾತೇ. ಮೂರು ತಿಂಗಳು ಚೆನ್ನಾಗಿಯೇ ನಡೆಯಿತು.

ಊರ ಸುತ್ತ ಕೋಟೆ, ಕೋಟೆಗೆ ಒಂದೇ ಹೆಬ್ಬಾಗಿಲು, ಹೆಬ್ಬಾಗಿಲಿಗೆ ಎರಡು ಕದ. ಅದನ್ನು ಕಾಯುತ್ತಿದ್ದವಳು ಹುಚ್ಚೀರವ್ವ ಅನ್ನೋ ಮುದುಕಿ. ಬಾಗಿಲ ಪಕ್ಕದಲ್ಲೇ ಅವಳ ಗುಡಿಸಲು. ಅವಳಿಗಿದ್ದದ್ದು ಒಂದು ಆಡು, ಅದಕ್ಕೊಂದು ಮರಿ. ದಿನಾ ದನ ಊರು ಸೇರಿದ ಮೇಲೆ ಎರಡೂ ಕದ ಎಳೆಯೋಳು, ದಾರಿಯಲ್ಲಿ ಹೋಗೋ ಯಾರನ್ನಾದರೂ ಕರೆದು ಇಬ್ಬರೂ ಸೇರಿ ಅಗುಳಿ ಮರ ಅಡ್ಡ ಹಾಕೋರು.

ನಾಲ್ಕನೇ ತಿಂಗಳಲ್ಲಿ ಊರು ಎರಡು ಪಕ್ಷವಾಯಿತು. ಒಂದಕ್ಕೆ ಮುದ್ದೇಗೌಡ ಯಜಮಾನ, ಇನ್ನೊಂದಕ್ಕೆ ಚನ್ನಸೆಟ್ಟಿ. ಜಗಳ ಯಾಕೆ ಶುರುವಾಯಿತು ಅನ್ನೋದು ಅವರಿಗೇ ನೆನಪಿರಲಿಲ್ಲ. ಬಾವಿ, ಕಟ್ಟೆ ಎಲ್ಲ ಪಾಲಾಗಿ ಕೊನೆಗೆ ಹೆಬ್ಬಾಗಿಲಿಗೆ ಬಂತು. ಬಲಗದ ಗೌಡನಿಗೆ, ಎಡಗದ ಸೆಟ್ಟಿಗೆ. ಹೊತ್ತು ಮುಳುಗಿದ ಕೂಡಲೇ ಮುಚ್ಚಬೇಕು ಅಂತ ಗೌಡ ಹೇಳಿದ. ಗೌಡ ಹೇಳಿದ ಅನ್ನೋ ಒಂದೇ ಕಾರಣಕ್ಕೆ ಮುಚ್ಚಕೂಡದು ಅಂತ ಸೆಟ್ಟಿ ಹಟ ಹಿಡಿದ. ಮುದುಕಿ ಎಡಗದ ಮುಟ್ಟಿದರೆ ಸೆಟ್ಟಿಯ ಕಡೆಯವರು ಗದರಿಸೋರು. ಹಾಗಾಗಿ ಅರ್ಧ ಬಾಗಿಲು ಮುಚ್ಚಿತ್ತು, ಅರ್ಧ ತೆರೆದೇ ಇತ್ತು.

ಒಂದು ಸಂಜೆ ಚಿರತೆ ಬಂದು ಹುಚ್ಚೀರವ್ವನ ಆಡನ್ನು ಹೊತ್ತುಕೊಂಡು ಹೋಯಿತು. ತಾಯಿಗಾಗಿ ಅರಚೋ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಮುದುಕಿ ಅತ್ತಳು. ಪಾಪ, ಅವಳಿಗೆ ಇನ್ಯಾರಿದ್ದರು?

ಮಾರನೇ ದಿನ ಎರಡೂ ಪಕ್ಷದವರು ಬಾಗಿಲ ಹತ್ತಿರ ಸಭೆ ಸೇರಿದರು. ಚಿರತೆ ನುಗ್ಗಿದ್ದು ತೆರೆದ ಎಡಗದದಿಂದ, ತಪ್ಪು ಸೆಟ್ಟಿಯದು ಅಂತ ಗೌಡ. ಅದು ಅಡಗಿ ಕೂತಿದ್ದು ಮುಚ್ಚಿದ ಬಲಗದದ ಮರೆಯಲ್ಲಿ, ತಪ್ಪು ಗೌಡನದು ಅಂತ ಸೆಟ್ಟಿ. ಹಗ್ಗ ತಂದು ಹೆಜ್ಜೆ ಗುರುತು ಅಳೆದರಂತೆ. ಅಳತೆ ಮುಗಿಯೋವರೆಗೆ ಯಾರೂ ಕದ ಮುಟ್ಟಕೂಡದು ಅಂತ ಇಬ್ಬರೂ ತಾಕೀತು ಮಾಡಿದರು. ಪಕ್ಷವಾದ ಮೇಲೆ ಇಬ್ಬರೂ ಒಪ್ಪಿದ ಮಾತು ಅದೊಂದೇ.

ಅಳೆಯುತ್ತಾ ಅಳೆಯುತ್ತಾ ಹೊತ್ತು ಮುಳುಗಿತು. ಆಡಿನ ರುಚಿ ಕಂಡಿದ್ದ ಚಿರತೆ ಮರಿಗಾಗಿ ಮತ್ತೆ ಬಂತು. ಜನ ದಿಕ್ಕಾಪಾಲಾಗಿ ಓಡಿದರು. ಹುಚ್ಚೀರವ್ವ ಮರಿಯನ್ನೆತ್ತಿಕೊಂಡು ಗುಡಿಸಲಿಗೆ ನುಗ್ಗಿದಳು, ಅವಳ ಹಿಂದೆಯೇ ಗೌಡನೂ ಸೆಟ್ಟಿಯೂ ನುಗ್ಗಿದರು. ಚಿರತೆ ಹೊರಗಿನಿಂದ ಕದ ಪರಚಿತು. ಒಳಗೆ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಕದ ಒತ್ತಿ ಹಿಡಿದರು.

"ಗೌಡ್ರೇ, ಸೆಟ್ರೇ, ನನ್ನ ಗುಡಿಸಲಿಗೆ ಒಂದೇ ಕದ ಕಣ್ರಪ್ಪಾ," ಅಂದಳಂತೆ ಮುದುಕಿ. "ಇದು ಯಾರ ಪಾಲಿಗೆ ಬತ್ತದೆ? ತೀರ್ಮಾನ ಆಗೋಗಂಟ ತೆಗ್ದಿಡ್ಲಾ?"

"ಬ್ಯಾಡ ಕಣವ್ವಾ," ಅಂದರು ಇಬ್ಬರೂ ಒಟ್ಟಿಗೆ.

"ಹಂಗಾರೆ ಈ ಮರಿ ಮ್ಯಾಲೆ ಕೈಯಿಟ್ಟು ಹೇಳಿ. ನಾಳೆಯಿಂದ ಅಗುಳಿ ಮರದ ಆ ತುದಿ ಒಬ್ರು, ಈ ತುದಿ ಒಬ್ರು ಎತ್ತಬೇಕು."

ಒಂದು ಕೈ ಕದದ ಮೇಲೆ, ಒಂದು ಕೈ ಮರಿಯ ಮೇಲೆ ಇಟ್ಟು ಇಬ್ಬರೂ ಆಣೆ ಮಾಡಿದರು. ಪರಚಿ ಪರಚಿ ಸಾಕಾಗಿ ಚಿರತೆ ಹೊರಟು ಹೋಯಿತು.

ಪಕ್ಷ ಎರಡೂ ಹಾಗೇ ಉಳಿದವಂತೆ. ದಿನಾ ಸಂಜೆ ಗೌಡ ಒಂದು ತುದಿ ಎತ್ತುತ್ತಾನೆ, ಸೆಟ್ಟಿ ಒಂದು ತುದಿ ಎತ್ತುತ್ತಾನೆ, ನನ್ನ ಕಡೆಯೇ ಭಾರ ಅಂತ ಇಬ್ಬರೂ ಬೈದಾಡುತ್ತಾರೆ. ಬೈದಾಡಿಕೊಳ್ಳಲಿ ಬಿಡಿ, ಮರ ಮಾತ್ರ ಕೈಬಿಡದ ಹಾಗೆ ಹುಚ್ಚೀರವ್ವ ಪಕ್ಕದಲ್ಲೇ ನಿಂತು ನೋಡಿಕೊಳ್ಳುತ್ತಾಳೆ. ಆ ಮರಿ ಬೆಳೆದು ಆಡಾಗಿ, ಈಗ ತಾನೇ ಎರಡು ಮರಿ ಹಾಕಿದೆಯಂತೆ.

ಅವರು ಅಲ್ಲಿ ಅಗುಳಿ ಹಾಕಿ ಮಲಗಿದರು, ನಾವು ಇಲ್ಲಿ ಕತೆ ಮುಗಿಸಿ ಎದ್ದೆವು.