ಹೊಳೆಯಾಚೆಯ ಗಂಟುಗಳು

“ಗುರುಗಳೇ, ವಿದ್ವಾಂಸರ ಸುಳ್ಳನ್ನು ಕಂಡುಹಿಡಿಯುವುದು ಹೇಗೆ?” ಎಂದು ಶಿಷ್ಯ ಚೆನ್ನವೀರ ಕೇಳಿದ.

ಶಾಸ್ತ್ರಪ್ರಯೋಗ ಮಾಡುವವರಲ್ಲಿ ಯಾರು ನಿಜ ಬರೆಯುತ್ತಾರೆ, ಯಾರು ಸುಳ್ಳು ಬರೆಯುತ್ತಾರೆ ಎಂದು ಪರೀಕ್ಷಿಸಲು ಅರಮನೆ ಒಂದು ದತ್ತಿ ಇಟ್ಟಿತ್ತು. ಗುರುವಿನ ಬಳಿ ಹನ್ನೆರಡು ವರ್ಷ ಓದಿದವರಿಗೆ ಮಾತ್ರ ಅದು ಸಿಗುತ್ತಿತ್ತು. ಈ ಸಲ ಚೆನ್ನವೀರನಿಗೆ ಸಿಕ್ಕಿತ್ತು. ಮರುದಿನವೇ ಹೊರಡಬೇಕಾಗಿತ್ತು.

“ಕೂತುಕೋ. ಇಂಥದೇ ದತ್ತಿ ಪಡೆದವನೊಬ್ಬನ ಕತೆ ಹೇಳುತ್ತೇನೆ” ಎಂದು ಗುರುಗಳು ಆರಂಭಿಸಿದರು.

ಒಂದು ನಾಡಿನಲ್ಲಿ ಒಬ್ಬ ವೈದ್ಯ ಹಾವಿನ ವಿಷಕ್ಕೆ ಬೇರು ಕಂಡುಹಿಡಿದೆ ಎಂದ. ಅರವತ್ತು ಜನರಿಗೆ ಕೊಟ್ಟೆ, ಅರವತ್ತೂ ಜನ ಬದುಕಿದರು ಎಂದು ಓಲೆ ಬರೆದ. ಬದುಕಿದ ಒಬ್ಬೊಬ್ಬರಿಗೂ ದಾರದಲ್ಲಿ ಒಂದೊಂದು ಗಂಟು ಹಾಕುವುದು ಅಲ್ಲಿನ ಪದ್ಧತಿ. ಆ ದಾರವನ್ನೂ ಓಲೆಯ ಜೊತೆಗಿಟ್ಟ. ದೊರೆಗೆ ನಂಬಿಕೆ ಬರಲಿಲ್ಲ. ಒಬ್ಬ ಪರೀಕ್ಷಕನಿಗೆ ದತ್ತಿ ಕೊಟ್ಟು, “ಪ್ರತಿ ಮನೆಗೂ ಹೋಗು. ಬದುಕಿದವರನ್ನು ಕಣ್ಣಾರೆ ನೋಡಿದ ಮೇಲೆಯೇ ನಿನ್ನ ದಾರಕ್ಕೆ ಗಂಟು ಹಾಕು” ಎಂದ.

ಪರೀಕ್ಷಕ ಕೆಟ್ಟವನಲ್ಲ. ಯಾರ ಲಂಚವನ್ನೂ ಮುಟ್ಟಿದವನಲ್ಲ. ಬಿಸಿಲಲ್ಲಿ ಕಾಲು ಸವೆಸಿ ಮೂವತ್ತೇಳು ಮನೆ ಸುತ್ತಿದ. ಮೂವತ್ತೇಳರಲ್ಲೂ ಜನ ಗುಂಡುಕಲ್ಲಿನ ಹಾಗಿದ್ದರು. ಉಳಿದ ಇಪ್ಪತ್ತಮೂರು ಮನೆಗಳು ಹೊಳೆಯಾಚೆ. ಹೊಳೆ ತುಂಬಿ ಹರಿಯುತ್ತಿತ್ತು. ಗಡುವಿನೊಳಗೆ ಓಲೆ ಒಪ್ಪಿಸದಿದ್ದರೆ ಮುಂದಿನ ವರ್ಷದ ದತ್ತಿ ಇನ್ನೊಬ್ಬನ ಪಾಲು. ಅವನು ದಡದ ಹೊಂಗೆ ಮರದಡಿ ಕೂತ. ಅನ್ನ ಬೆಂದಿದೆಯೋ ಎಂದು ನೋಡಲು ಒಂದು ಅಗುಳು ಸಾಕು, ನಾನು ಮೂವತ್ತೇಳು ಹಿಸುಕಿದ್ದೇನೆ ಎಂದುಕೊಂಡ. ಇಪ್ಪತ್ತಮೂರು ಗಂಟುಗಳನ್ನು ಅಲ್ಲೇ ಹಾಕಿದ.

ವೈದ್ಯ ಸತ್ಯವಂತನೆಂದು ಡಂಗುರವಾಯಿತು. ಬೇರಿನ ಪೊಟ್ಟಣದ ಮೇಲೆ ಪರೀಕ್ಷಕನ ಮುದ್ರೆ ಬಿತ್ತು. ಮನೆಮನೆಯಲ್ಲೂ ಆ ಬೇರು ಬಂತು.

ಮರುವರ್ಷ ಪರೀಕ್ಷಕ ತನ್ನ ಒಬ್ಬಳೇ ಮಗಳನ್ನು ಹೊಳೆಯಾಚೆಯ ಊರಿಗೆ ಮದುವೆ ಮಾಡಿಕೊಟ್ಟ. ಕಟ್ಟಿಗೆ ತೆಗೆಯುವಾಗ ಅವಳಿಗೆ ಹಾವು ಕಚ್ಚಿತು. ಪೇಟೆಯ ಪಂಡಿತನ ಬಳಿಗೆ ಒಯ್ಯಲು ಗಂಡ ಗಾಡಿ ಹೂಡಿದ. ಅಷ್ಟರಲ್ಲಿ ಯಾರೋ ಬೇರಿನ ಪೊಟ್ಟಣ ತಂದುಕೊಟ್ಟರು. “ಮಾವನವರ ಮುದ್ರೆ ಇದೆ, ಇನ್ನೇಕೆ ಭಯ?” ಎಂದು ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಸಂಜೆಯೊಳಗೆ ಅವಳ ಪ್ರಾಣ ಹೋಯಿತು.

ಪರೀಕ್ಷಕ ಎದೆ ಬಡಿದುಕೊಂಡು ಅತ್ತ. ಹೆಣದ ಪಕ್ಕ ಕೂತಿದ್ದ ಮುದುಕಿಯೊಬ್ಬಳು, “ಅಯ್ಯೋ, ಆ ಬೇರು ತಿಂದು ನಮ್ಮ ಕಡೆ ಬದುಕಿದವರು ಯಾರಪ್ಪಾ? ಹೊಳೆಯೀಚೆಗೆ ಬಂದು ನಮ್ಮನ್ನು ಕೇಳಿದವರಾದರೂ ಯಾರು?” ಎಂದಳು. ಪರೀಕ್ಷಕ ಸುತ್ತಿದ್ದ ದಡದ ಗದ್ದೆಗಳಲ್ಲಿ ಕಚ್ಚುತ್ತಿದ್ದದ್ದು ವಿಷವಿಲ್ಲದ ಕೇರೆಹಾವು. ಮಗಳ ಊರಿನ ದಡದ್ದು ಘೋರ ವಿಷದ ಕೊಳಕುಮಂಡಲ. ಬೇರಿನಲ್ಲಿ ಏನೂ ಇರಲಿಲ್ಲ.

ಅವನು ವೈದ್ಯನ ಮನೆಗೆ ನುಗ್ಗಿ ಕೊರಳಪಟ್ಟಿ ಹಿಡಿದ. “ಪಾಪಿ! ಆ ಇಪ್ಪತ್ತಮೂರು ಗಂಟು ಎಲ್ಲಿಂದ ತಂದೆ?”

“ಹೊಳೆ ತುಂಬಿತ್ತು, ಸ್ವಾಮಿ” ಎಂದ ವೈದ್ಯ. “ಬೇರು ಕಳಿಸಿಕೊಟ್ಟಿದ್ದೆ. ಬದುಕಿರುತ್ತಾರೆ ಅಂದುಕೊಂಡೆ. ನೀವು ಹೋದಾಗ ಹೊಳೆ ಇಳಿದಿತ್ತೇ?”

ಪರೀಕ್ಷಕನ ಕೈ ಸಡಿಲವಾಯಿತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಸಿಟ್ಟು ಉಕ್ಕಿತ್ತು. “ಛೇ, ಎಂಥ ನೀಚ! ಅಂಥವನಿಗೆ ದತ್ತಿ ಕೊಟ್ಟವರಾದರೂ ಯಾರು?” ಎಂದ.

ಗುರುಗಳು ಅವನ ಮುಖ ನೋಡಿದರು.

“ನೀನು ನನ್ನ ಬಳಿ ಬಂದು ಒಂಬತ್ತು ವರ್ಷವಾಯಿತು, ಚೆನ್ನವೀರ. ಅರಮನೆಗೆ ನೀನು ಎಷ್ಟೆಂದು ಬರೆದುಕೊಟ್ಟೆ?”