ದವನದ ಮಡಿಯಲ್ಲಿ ಆಡು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಮಾತನ್ನು ಬಿರುದಿನಂತೆ ಹೊತ್ತು ಮೆರೆಯುತ್ತಿದ್ದ ಆಡೊಂದು ಬೇಲಿ ಹಾರಿ ದವನದ ತೋಟಕ್ಕೆ ನುಗ್ಗಿತು. ಅಲ್ಲಿ ಎರಡು ಮಡಿ. ಒಂದಕ್ಕೆ ತೋಟದ ಸಾಕಮ್ಮ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿ ಸುಮ್ಮನಾಗಿದ್ದಳು. ಇನ್ನೊಂದಕ್ಕೆ ಅವಳ ಗಂಡ ವಾರ ತಪ್ಪದೆ ಯೂರಿಯಾ ಎರಚಿದ್ದ.

ಆಡು ಮೊದಲು ಗೊಬ್ಬರದ ಮಡಿಯ ಗೇಣುದ್ದದ ಗಿಡಕ್ಕೆ ಬಾಯಿ ಹಾಕಿತು. ಘಾಟು ನೆತ್ತಿಗೇರಿತು. ನಾಲ್ಕು ಸಲ ಸೀನಿ ಹಿಂದೆ ಸರಿಯಿತು. ಗಿಡ ತುಟಿ ಪಿಟಿಕ್ಕೆನ್ನಲಿಲ್ಲ.

ಯೂರಿಯಾ ಉಂಡು ಕೊಬ್ಬಿದ್ದ ಗಿಡ ಪಕ್ಕದಿಂದ ನಕ್ಕಿತು. “ಆ ಕುಳ್ಳನಿಗೇ ಹೆದರಿದೆ, ಇನ್ನು ನನ್ನ ತಂಟೆಗೆ ಬಂದೀಯಾ? ನಾನೂ ದವನವೇ. ಅವನ ಎರಡರಷ್ಟಿದ್ದೇನೆ, ನೋಡು!”

ಆಡು ಮೂಸಿತು. ಮತ್ತೆ ಮೂಸಿತು. ಹಸಿ ಹುಲ್ಲಿನ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ.

“ಅವನು ಹೆಸರು ಹೇಳದಿದ್ದರೂ ಗೊತ್ತಾಯಿತು. ನೀನು ಹೇಳಿದರೂ ಗೊತ್ತಾಗಲಿಲ್ಲ” ಎಂದು ಅದನ್ನು ಬುಡದವರೆಗೂ ಮೇಯ್ದು ಮುಗಿಸಿತು.

“ಒಂದನ್ನು ಬಿಟ್ಟೆಯಲ್ಲ, ನಿನ್ನ ಬಿರುದು ಹೋಯಿತು!” ಎಂದು ಬೇಲಿಯ ಮೇಲಿನ ಓತಿಕ್ಯಾತ ಅಣಕಿಸಿತು.

“ಎಲ್ಲಿ ಹೋಯಿತು?” ಎಂದಿತು ಆಡು, ಬಾಯಿ ಒರೆಸಿಕೊಳ್ಳುತ್ತ. “ಸೊಪ್ಪನ್ನು ತಿಂದೆ. ಬಿಟ್ಟದ್ದು ದವನ.”