ಹಳ್ಳದ ಮಣ್ಣಿನಲ್ಲಿ ಸಿಕ್ಕ ಬಳೆಚೂರು

ಫಕೀರಗೌಡ ಕೂರಿಗೆ ಹಿಡಿದು ಬಿತ್ತಿದರೆ ಜೋಳದ ಸಾಲು ಹಗ್ಗ ಎಳೆದಂತೆ ಮೂಡುತ್ತಿತ್ತು. ಮೇಲಿನ ಬದುವಿನಿಂದ ಕೆಳಗಿನ ಹಳ್ಳದವರೆಗೆ ಒಂದೇ ಗೀಟು. ದಾರಿಹೋಕರು ಚಕ್ಕಡಿ ನಿಲ್ಲಿಸಿ ನೋಡುತ್ತಿದ್ದರೆಂದರೆ ನೀವೇ ಊಹಿಸಿ! ಆ ಊರಲ್ಲಿ ಸಾಲು ಡೊಂಕಾದರೆ, ಬಿತ್ತಿದವನು ಕುಡಿದಿದ್ದ ಎಂದು ನಗುವ ರೂಢಿ.

ಆದರೂ ವರ್ಷದಿಂದ ವರ್ಷಕ್ಕೆ ತೆನೆ ಸಣ್ಣದಾಗುತ್ತಿತ್ತು. ಹೊಲದ ಮೇಲ್ಭಾಗದ ಕಪ್ಪು ಮಣ್ಣು ಹೋಗಿ ಅಡಿಯ ಗರಸು, ಸಣ್ಣ ಕಲ್ಲಿನ ನೆಲ, ಕಾಣಿಸುತ್ತಿತ್ತು. ಗೌಡ ಸೋಮಾರಿಯೇನಲ್ಲ. ಪ್ರತಿ ಬೇಸಿಗೆಯಲ್ಲೂ ಹಳ್ಳದಿಂದ ನಲವತ್ತು ಚಕ್ಕಡಿ ಮಣ್ಣು ಹೇರಿ ತಂದು ಹೊಲಕ್ಕೆ ಹಾಕುತ್ತಿದ್ದ.

ಆ ಬೇಸಿಗೆಯಲ್ಲಿ ಮಣ್ಣು ಉಳಿಸುವ ಯೋಜನೆಗೆಂದು ಇಂದುಮತಿ ಎಂಬ ಅಧಿಕಾರಿ ಬಂದರು. ಇಳಿಜಾರಿಗೆ ಅಡ್ಡಲಾಗಿ, ನೆಲ ಬಾಗಿದಂತೆ ಸಾಲೂ ಬಾಗಬೇಕು ಎಂದರು. ಗೌಡ ಚಹಾ ಕೊಟ್ಟ, ಮಾತು ಕೇಳಲಿಲ್ಲ.

"ನಮ್ಮಪ್ಪನ ಕಾಲದಿಂದ ಬಂದ ಹೆಸರೈತ್ರಿ ಅಕ್ಕಾರ. ಡೊಂಕ ಸಾಲ ಹಾಕಿ ಊರಾಗ ಹೆಂಗ ತಲಿ ಎತ್ತಲಿ?"

ಇಂದುಮತಿ ವಾದಕ್ಕೆ ನಿಲ್ಲಲಿಲ್ಲ. ಮರುದಿನ ಸೆರಗು ಸಿಕ್ಕಿಸಿ, ಹಳ್ಳದಲ್ಲಿ ಮಣ್ಣು ತುಂಬುವ ಹೆಂಗಸರ ಜೊತೆ ತಾವೂ ಬುಟ್ಟಿ ಹಿಡಿದರು. ಎಂಥ ಅಧಿಕಾರಿ ನೋಡಿ!

ಮೂರನೆಯ ದಿನ ಅವರ ಬುಟ್ಟಿಯಲ್ಲಿ ಒಂದು ಬಳೆಚೂರು ಮಿನುಗಿತು. ಹಸಿರಿನ ಮೇಲೆ ಹಳದಿ ಚುಕ್ಕೆ. ಇದು ಯಾರದೆಂದು ಕೇಳಿದರೆ, ಗೌಡನ ಹೆಂಡತಿ ಬಸವ್ವ ತಕ್ಷಣ ಗುರುತಿಸಿದಳು. ಮಗಳ ಮದುವೆಗೆ ತೊಟ್ಟ ಬಳೆ. ಒಡೆದಾಗ ಕಸದೊಂದಿಗೆ ತಿಪ್ಪೆಗೆ ಹಾಕಿದ್ದಳು. ತಿಪ್ಪೆಯ ಗೊಬ್ಬರದ ಜೊತೆ ಅದು ಹೊಲಕ್ಕೆ ಹೋಗಿತ್ತು. ಹಳ್ಳಕ್ಕೆ ಹೇಗೆ ಬಂತು?

ಬಸವ್ವ ನಕ್ಕು ನಕ್ಕು ಕುಳಿತೇಬಿಟ್ಟಳು. ಚಕ್ಕಡಿಯ ಬಳಿ ನಿಂತಿದ್ದ ಗಂಡನಿಗೆ ಹೇಳಿದಳು: "ಇಲ್ ಕೇಳ್ರಿ, ನೀವು ಇಷ್ಟ ವರ್ಷ ಹೇರಿದ್ದು ನಮ್ಮ ಹೊಲಾನ. ಮಳಿ ಇಳಸತೈತಿ, ನೀವು ಏರಸತೀರಿ. ನಡುವ ಎತ್ತು ಸಾಯಾಕ ಹತ್ತ್ಯಾವ."

ಗೌಡ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಹೊಲದತ್ತ ನೋಡಿದ. ಅಷ್ಟು ನೇರವಾದ ಸಾಲು ಮಳೆನೀರಿಗೂ ನೇರ ದಾರಿಯಾಗಿತ್ತು. ಮೆಲ್ಲಗೆ ಹೇಳಿದ: "ಬಾಗಿಸಿ ಬಿತ್ತಾಕ ನನಗ ಬರೂದಿಲ್ರಿ."

ಇಂದುಮತಿ ಅಂದರು: "ಡೊಂಕ ಯಾರ ಬೇಕಾದ್ರೂ ಬಿತ್ತತಾರ ಗೌಡ್ರ. ಒಂದ ಮಟ್ಟ ಹಿಡದ ಬಾಗಸಾಕ ನಿಮ್ಮಂಥಾ ಕಣ್ಣ ಬೇಕು."

ಅವರು ಇಳಿಜಾರಿಗೆ ಅಡ್ಡಲಾಗಿ ಒಂದೇ ಎತ್ತರದ ಮಟ್ಟ ನೋಡಿ ಗೂಟ ಹೊಡೆದರು. ಬಿತ್ತನೆಯ ದಿನ ಗೌಡ ಗೂಟದಿಂದ ಗೂಟಕ್ಕೆ ಒಂದು ಬೆರಳೂ ತಪ್ಪದಂತೆ ಕೂರಿಗೆ ನಡೆಸಿದ. ಬದುವಿನ ಮೇಲೆ ನಿಂತವರು, ಗೌಡ ಇವತ್ತೇನು ಕುಡಿದಿದ್ದಾನೆ ಎಂದು ನಕ್ಕರು. ಚಹಾ ಎಂದು ಹೇಳಿ ಗೌಡ ಎತ್ತು ತಿರುಗಿಸಿದ.

ವಾರದಲ್ಲೇ ದೊಡ್ಡ ಮಳೆ ಬಂತು. ಅಕ್ಕಪಕ್ಕದ ಹೊಲಗಳಿಂದ ಕಪ್ಪು ನೀರು ಹಳ್ಳಕ್ಕೆ ಧುಮುಕಿತು. ಗೌಡನ ಹೊಲದಲ್ಲಿ ಸಾಲುಸಾಲಿಗೂ ನೀರು ನಿಂತು ಇಂಗಿತು. ಸುಗ್ಗಿಯಲ್ಲಿ ತೆನೆ ಮುಷ್ಟಿಗಾತ್ರವಾಯಿತು. ಮುಂದಿನ ಬೇಸಿಗೆಯಲ್ಲಿ ಅವನ ಎತ್ತುಗಳು ನೆರಳಲ್ಲಿ ಮೆಲುಕು ಹಾಕಿದವು.

ನಕ್ಕವರೇ ಗೂಟ ಕೇಳಿಕೊಂಡು ಬಂದರು. ಗೌಡ ಒಬ್ಬೊಬ್ಬರ ಹೊಲಕ್ಕೂ ಹೋಗಿ ಕಲಿಸಿದ. ಈಗ ಆ ಊರಲ್ಲಿ ಯಾರಾದರೂ ಇಳಿಜಾರಿನಲ್ಲಿ ನೇರ ಸಾಲು ಹಾಕಿದರೆ, ಕುಡಿದಿದ್ದಾನೆಯೇ ಎಂದು ಕೇಳುತ್ತಾರೆ.

ನೀತಿ: ರೈತನಿಗೆ ನೆರವಾಗುವವರು ಅವನ ಕೈಯ ಹೆಮ್ಮೆಯನ್ನು ಮುರಿಯಬಾರದು. ಅದನ್ನೇ ಮಣ್ಣು ಉಳಿಸುವ ಕಡೆಗೆ ತಿರುಗಿಸಬೇಕು.